ಮೇಣ ತುಂಬಿದ ಬಿರುಕು

“ಕದ್ದಿದ್ದಲ್ಲ ತಾಯಿ. ಇದಕ್ಕೆ ರಿವರ್ಸ್ ಎಂಜಿನಿಯರಿಂಗ್ ಅಂತಾರೆ,” ಎಂದ ಅಸಿಯಾಮಾ, ಹಲ್ಲಿನ ಸಂದಿಯಲ್ಲಿದ್ದ ಮೀನಿನ ಮುಳ್ಳನ್ನು ಕಡ್ಡಿಯಿಂದ ಕೀಳುತ್ತಾ.

“ಹಾಗಂದ್ರೇನು?”

“ಪೊಲೀಸ್ ಕೆಲಸ ಬಿಟ್ಟಾಗ ಬುದ್ಧೀನೂ ಠಾಣೇಲೇ ಬಿಟ್ಟು ಬಂದ್ರಾ, ಪೊಕುವಾ ಮೇಡಂ?”

ಅವನ ಹಿಂದೆ ಕುಲುಮೆ ಹೊಗೆ ಉಗುಳುತ್ತಿತ್ತು. ಹಳೇ ಲಾರಿಗಳ ಎಂಜಿನ್ನು ಒಡೆದು ಕರಗಿಸುವ ವಾಸನೆ, ಗ್ಯಾರೇಜು ಕುಲುಮೆಗಳೇ ತುಂಬಿದ ಸುವಾಮೆ ಮ್ಯಾಗಜಿನ್ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಸದೇನಲ್ಲ. ಆದರೂ ಅವತ್ತು ಕಣ್ಣು ಉರಿಯುತ್ತಿತ್ತು. ಠಾಣೆಯಲ್ಲಿ ಕೂತಿದ್ದ ಒಬಿರಿಯ ಮುಖ ತಲೆಯಿಂದ ಹೋಗುತ್ತಿರಲಿಲ್ಲ. ಬೋವಾದಿ ಮೇಸ್ತ್ರಿಯ ಪಂಪಿನ ಅಚ್ಚನ್ನು ಈ ಅಸಿಯಾಮಾನಿಗೆ ದಾಟಿಸಿದ್ದಾನೆ ಎಂದು ಮೇಸ್ತ್ರಿಯ ಸೋದರಳಿಯ ಒಬಿರಿಯನ್ನು ಒಳಗೆ ಹಾಕಿದ್ದರು. ಅವನ ತಾಯಿ ಕೊನಾದು ನನ್ನ ಕೈ ಹಿಡಿದು ಅತ್ತು, ನಿಜವಾದ ಕಳ್ಳನನ್ನು ಹುಡುಕುವ ಈ ಕೆಲಸ ಒಪ್ಪಿಸಿದ್ದಳು.

“ಕೇಳಿ ಇಲ್ಲಿ,” ಎಂದು ಅಸಿಯಾಮಾ ಮೇಷ್ಟ್ರಂತೆ ಬೆರಳು ಮಡಚತೊಡಗಿದ. “ಪಂಪು ಮಾಡೋನು ಮೊದಲು ಯೋಚನೆ ಮಾಡ್ತಾನೆ. ಆಮೇಲೆ ಮರದಲ್ಲಿ ಅಚ್ಚು ಕೆತ್ತುತಾನೆ. ಆಮೇಲೆ ಮರಳಲ್ಲಿ ಒತ್ತಿ ಎರಕ ಹೊಯ್ತಾನೆ. ಕೊನೆಗೆ ಪಂಪು. ನಾನು ಕೊನೆಯಿಂದ ಶುರು ಮಾಡಿದೆ. ಅಂಗಡಿಗೆ ಹೋಗಿ ಅವರ ಪಂಪು ಕೊಂಡೆ. ಬಿಚ್ಚಿದೆ. ಅಳೆದೆ. ಈ ರೆಕ್ಕೆ ಯಾಕೆ ಹಿಂಗೆ ಬಾಗಿದೆ, ಈ ತೂತು ಯಾಕೆ ಇಷ್ಟೇ ಇದೆ ಅಂತ ತಲೆ ಕೆಡಿಸ್ಕೊಂಡೆ. ಆಮೇಲೆ ನಾನೇ ಒಂದು ಅಚ್ಚು ಕೆತ್ತಿದೆ. ಅವರು ಇಳಿದು ಬಂದ ದಾರೀಲಿ ನಾನು ಹತ್ತಿ ಹೋದೆ ಅಷ್ಟೇ. ಇದರಲ್ಲಿ ಕಳ್ಳತನ ಎಲ್ಲಿಂದ ಬಂತು?”

“ಹೇಳೋಕೆ ಚೆನ್ನಾಗಿದೆ.”

“ಬೋವಾದಿ ಮೇಸ್ತ್ರಿಗೆ ಪಂಪು ಏನು ಕನಸಲ್ಲಿ ಬಂದಿತ್ತಾ? ಹಡಗಲ್ಲಿ ಬಂದ ಪರದೇಶದ ಪಂಪನ್ನ ಬಿಚ್ಚಿ ಹಾಕಿಕೊಂಡು ತಿಂಗಳುಗಟ್ಟಲೆ ಕೂತಿದ್ದು ಇಡೀ ಮ್ಯಾಗಜಿನ್ ನೋಡಿದೆ. ಅವನು ಮಾಡಿದ್ರೆ ವಿದ್ಯೆ, ನಾನು ಮಾಡಿದ್ರೆ ಕಳ್ಳತನವಾ?”

ಅವನ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ರೇಗಿತು. ನಮ್ಮ ಮ್ಯಾಗಜಿನ್‌ನ ಅರ್ಧ ಒಲೆಗಳು ಉರಿಯುವುದೇ ಈ ವಿದ್ಯೆಯಿಂದ. ಕೊಂಡ ವಸ್ತುವನ್ನು ಬಿಚ್ಚಿ, ಅರ್ಥ ಮಾಡಿಕೊಂಡು, ಸ್ವಂತ ಕೈಯಿಂದ ಮಾಡಿದವನನ್ನು ಇಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ. ಆದರೆ ಇನ್ನೊಬ್ಬನ ಮರದ ಅಚ್ಚನ್ನೇ ಕದ್ದು ಮರಳಿಗೆ ಒತ್ತಿದವನ ಕಥೆ ಬೇರೆ. ಅವನಿಗೆ ಮುರುಕು ಕಬ್ಬಿಣ ಮಾರುವವರು ಇಲ್ಲ, ಕುಲುಮೆಗೆ ಬೆಂಕಿ ಕೊಡುವವರು ಇಲ್ಲ. ಅಚ್ಚು ದಾಟಿಸಿಕೊಟ್ಟವನಿಗೂ ಅದೇ ಶಿಕ್ಷೆ.

ಮಧ್ಯಾಹ್ನ ಮೇಸ್ತ್ರಿಗಳ ಸಂಘದ ಹಿರಿಯರು ಸೇರುವವರಿದ್ದರು. ಒಬಿರಿಯೇ ಕಳ್ಳ ಎಂದಾದರೆ ಅವನು ಈ ಜನ್ಮದಲ್ಲಿ ಮ್ಯಾಗಜಿನ್ನಿಗೆ ಕಾಲಿಡುವಂತಿಲ್ಲ.

ಅಂಗಳದ ಮೂಲೆಯಲ್ಲಿ ಎರಕ ಹೊಯ್ದು ಆರಿಸಲು ಹಾಕಿದ್ದ ಪಂಪಿನ ಚಕ್ರಗಳ ರಾಶಿ, ಪಕ್ಕದಲ್ಲಿ ಅವನ್ನು ಮುಚ್ಚುವ ಹೊರಮೈಗಳ ರಾಶಿ ಇದ್ದವು. ಇನ್ನೂ ಲೇತ್ ಮುಟ್ಟಿರಲಿಲ್ಲ, ಮೈಮೇಲೆ ಮರಳು ಹಾಗೇ ಅಂಟಿತ್ತು. ಒಂದು ಚಕ್ರ ಎತ್ತಿ ಸೆರಗಿನಿಂದ ಒರೆಸಿದೆ.

ಚಕ್ರದ ನಡುವಿನ ಉಬ್ಬಿನ ಮೇಲೆ ಓರೆಯಾಗಿ ಒಂದು ಗೆರೆ ಎದ್ದಿತ್ತು. ಕೂದಲಿಗಿಂತ ಸ್ವಲ್ಪ ದಪ್ಪ. ಇನ್ನೊಂದು ಎತ್ತಿದೆ. ಅದರಲ್ಲೂ ಇತ್ತು, ಅದೇ ಜಾಗದಲ್ಲಿ, ಅದೇ ಓರೆಯಲ್ಲಿ.

“ಅದನ್ನ ಮನೆಗೆ ಒಯ್ದು ಏನು ಮಾಡ್ತೀರಿ? ಬಾಗಿಲಿಗೆ ಅಡ್ಡ ಇಡ್ತೀರಾ?” ಅಸಿಯಾಮಾ ನಕ್ಕ.

“ನಾನೂ ನಿಮ್ಮ ವಿದ್ಯೆ ಕಲೀತೀನಿ. ಇದನ್ನೂ, ಇದಕ್ಕೆ ಹೊಂದೋ ಹೊರಮೈ ಒಂದನ್ನೂ ಚೀಲಕ್ಕೆ ಹಾಕ್ಸಿ.”

ಗಿರಾಕಿ ಗಿರಾಕಿಯೇ ಎಂದುಕೊಂಡನೋ, ನನ್ನನ್ನು ದಡ್ಡಿ ಎಂದುಕೊಂಡನೋ, ಚೀಲವನ್ನು ತಾನೇ ಹೊತ್ತು ತಂದು ನನ್ನ ಕಾರಿನಲ್ಲಿ ಇಟ್ಟ.

*

ಬೋವಾದಿ ಮೇಸ್ತ್ರಿ ಚಕ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಕುತ್ತಿಗೆಯ ನರ ಉಬ್ಬಿತು.

“ಇದು ನನ್ನ ಬಿರುಕು,” ಎಂದರು.

“ಬಿಡಿಸಿ ಹೇಳಿ ಮೇಸ್ತ್ರಿ.”

“ಹೋದ ಸಲ ಎರಕ ಹೊಯ್ಯೋವಾಗ ಮರದ ಅಚ್ಚು ಬಿರುಕು ಬಿಟ್ಕೊಂಡಿತ್ತು. ಜೇನುಮೇಣ, ಮರದ ಪುಡಿ ಕಲಸಿ ನಾನೇ ತುಂಬಿದೆ. ಮೇಣ ಒಂಚೂರು ಮೇಲೆದ್ದು ನಿಂತಿತ್ತು. ಇರಲಿ ಬಿಡು ಅಂತ ಸುಮ್ಮನಾದೆ. ಯಾಕಂದ್ರೆ ಆ ಉಬ್ಬನ್ನ ಹೆಂಗೂ ಲೇತ್‌ನಲ್ಲಿ ಸವರಿ, ನಡುವೆ ತೂತು ಕೊರೀತೀವಿ. ಅಂಗಡಿಗೆ ಹೋಗೋ ಚಕ್ರದಲ್ಲಿ ಗೆರೆ ಉಳಿಯೋದೇ ಇಲ್ಲ.”

ನನಗೆ ಬೇಕಾದದ್ದು ಸಿಕ್ಕಿತು. ಅಸಿಯಾಮಾ ಎಷ್ಟು ಪಂಪು ಕೊಂಡು ಎಷ್ಟು ಬಿಚ್ಚಿದರೂ ಈ ಗೆರೆ ಅವನ ಕಣ್ಣಿಗೆ ಬೀಳಲು ಸಾಧ್ಯವಿಲ್ಲ. ಬಿಚ್ಚಿ ತಿಳಿಯುವವನಿಗೆ ಸಿಗುವುದು ಮಾರಿದ ವಸ್ತುವಿನಲ್ಲಿ ಉಳಿದದ್ದು ಮಾತ್ರ. ಮಾರುವ ಮೊದಲೇ ಸವರಿ ತೆಗೆದದ್ದು ಅವನ ಚಕ್ರದಲ್ಲಿ ಇದೆ ಎಂದರೆ, ಅವನು ಮೇಸ್ತ್ರಿಯ ಅಚ್ಚನ್ನೇ ಕೈಯಲ್ಲಿ ಹಿಡಿದಿದ್ದಾನೆ.

“ಬಿರುಕು ತುಂಬಿದ ಮೇಲೆ ಅಚ್ಚನ್ನ ನಿಮ್ಮ ಬೀಗದ ಪೆಟ್ಟಿಗೆಗೆ ಸೇರಿಸಿದ್ದು ಯಾರು? ಒಬಿರೀನಾ?”

“ಅವನೆಲ್ಲಿದ್ದ? ಮಾಂಪಾಂಗ್‌ನಲ್ಲಿ ಯಾರದೋ ಸಾವಿಗೆ ಅಂತ ಕರೀ ಬಟ್ಟೆ ಉಟ್ಕೊಂಡು ಹೋಗಿದ್ದ. ಬೇರೆ ದಿನ ಅವನೇ ಹೊತ್ಕೊಂಡು ಹೋಗ್ತಾನೆ. ಅವತ್ತು ನಾನೇ ಒಯ್ದೆ. ಆಮೇಲೆ ಎರಕಾನೇ ಹೊಯ್ದಿಲ್ಲ, ಅಚ್ಚು ಹೊರಗೇ ಬಂದಿಲ್ಲ.” ಹೇಳುತ್ತಾ ಹೇಳುತ್ತಾ ಮೇಸ್ತ್ರಿ ತಡೆದರು. “ಅಂದ್ರೆ... ಒಬಿರಿ ಬಿರುಕು ಬಿಟ್ಟ ಅಚ್ಚನ್ನ ಮುಟ್ಟೇ ಇಲ್ಲ.”

“ಮುಟ್ಟಿಲ್ಲ. ಮೇಣ ತುಂಬಿದ ಮೇಲೆ ಪೆಟ್ಟಿಗೆ ತೆಗೆದವರೇ ಕೊಟ್ಟಿದ್ದಾರೆ. ಕೀಲಿ ನಿಮ್ಮ ಸೊಂಟದಲ್ಲೇ ಇರುತ್ತಲ್ಲ ಮೇಸ್ತ್ರಿ?”

ಮೇಸ್ತ್ರಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

“ನೀನು ನಮ್ಮ ಅಸಾಂಟೆ ಕುಲದವಳೇ ತಾನೇ? ಈ ಕಾರ್ಖಾನೆ ನಮ್ಮ ಅಜ್ಜಿಯ ಜಾಗದಲ್ಲಿ, ಅಜ್ಜಿಯ ಬಂಗಾರದಲ್ಲಿ ಎದ್ದದ್ದು. ತಾಯಿ ಕಡೆಯ ಆಸ್ತಿ, ಸೋದರಳಿಯನಿಗೆ ಸೇರೋದು. ನನ್ನ ಮಗನಿಗೂ ಬರಲ್ಲ, ನನ್ನ ಸೊಂಟದಲ್ಲೂ ಇರಲ್ಲ. ಜನ ಏನಾದ್ರೂ ಅಂದ್ಕೊಳ್ಳಲಿ ಅಂತ ನಾನೊಂದು ಗೊಂಚಲು ನೇತುಹಾಕ್ಕೊಂಡಿದೀನಿ, ಅಷ್ಟೇ. ಪೆಟ್ಟಿಗೆ ಕೀಲಿ ಯಾವತ್ತೂ ಮನೆಯ ಹೆಂಗಸಿನ ಹತ್ತಿರ. ಮನೆಯವರನ್ನ ಬಿಟ್ಟು ಹೊರಗೆ ಒಂದು ನರಪಿಳ್ಳೆಗೂ ಇದು ಗೊತ್ತಿಲ್ಲ.”

“ಯಾವ ಹೆಂಗಸು?”

“ನನ್ನ ಅಕ್ಕ. ಕೊನಾದು.”

ಚಕ್ರವನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದೆ. ನನ್ನ ಅಮ್ಮ ಕಾಯಿಲೆ ಬಿದ್ದ ವರ್ಷವೆಲ್ಲ ನನಗೆ ಅನ್ನ ಹಾಕಿದವಳು ಕೊನಾದು. ಅವಳನ್ನೂ ನಾನು ಅಮ್ಮ ಎಂದೇ ಕರೆಯುವುದು. ಅವಳ ಕಣ್ಣೀರಿಗೆ ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಮೊದಲ ದಿನವೇ ಹಿಂಡಿಬಿಡುತ್ತಿದ್ದೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

*

ಕೊನಾದು ಅಮ್ಮನ ಖಾನಾವಳಿಯಲ್ಲಿ ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಅವಳು ದೊಡ್ಡ ಒರಳಿನ ಮುಂದೆ ಕುಳ್ಳ ಮಣೆಯ ಮೇಲೆ ಕೂತು ಫುಫು ತಿರುವುತ್ತಿದ್ದಳು. ಎದುರಿಗೆ ಅಡುಗೆಯ ಹೆಂಗಸು ನಿಂತು ಬೆಂದ ಮರಗೆಣಸು, ಬಾಳೆಕಾಯಿ ಕುಟ್ಟುತ್ತಿದ್ದಳು. ಒನಕೆ ಮೇಲೇಳುವ ಅಷ್ಟರಲ್ಲಿ ಕೊನಾದು ಅಮ್ಮನ ಒದ್ದೆ ಕೈ ಒಳಗೆ ಹೋಗಿ, ಹಿಟ್ಟು ಮಗುಚಿ, ಹೊರಗೆ ಬರುತ್ತಿತ್ತು.

“ಬಾರೇ ಮಗಳೇ, ಮುಖ ಯಾಕೆ ಹಿಂಗೆ ಬಾಡಿದೆ? ನೋಡು, ಇವತ್ತು ಒಬಿರಿಗೆ ಇಷ್ಟದ ಆಡಿನ ಸಾರು. ಹಿರಿಯರ ಮುಂದೆ ನಿಲ್ಲೋ ಮೊದಲು ಮನೇಲಿ ಉಂಡು ಹೋಗಲಿ ಅಂತ ಸಂಘದವರು ಒಪ್ಪಿದ್ದಾರೆ. ಠಾಣೆಯಿಂದ ಸೀದಾ ಇಲ್ಲಿಗೇ ಕರ್ಕೊಂಡು ಬರ್ತಾರೆ.”

ಚೀಲವನ್ನು ಮೇಜಿನ ಮೇಲಿಟ್ಟೆ. ಅಡುಗೆಯ ಹೆಂಗಸಿನ ಕೈಯಿಂದ ಒನಕೆ ತೆಗೆದುಕೊಂಡು, “ನೀನು ಹೋಗಿ ಮೀನು ತಗೊಂಡು ಬಾ ಅಕ್ಕ, ನಾನು ಕುಟ್ಟುತೀನಿ,” ಎಂದೆ. ಅವಳು ಹೋದಳು.

“ಪರವಾಗಿಲ್ಲ, ಮರೆತಿಲ್ಲ ನೀನು,” ಎಂದಳು ಕೊನಾದು ಅಮ್ಮ. ನಾನು ಕುಟ್ಟಿದೆ, ಅವಳು ಮಗುಚಿದಳು. “ಸಾರ್ಪಾಂಗ್ ಬಾಯಿ ಬಿಟ್ಟನಾ?”

ಸಾರ್ಪಾಂಗ್ ಬೋವಾದಿ ಮೇಸ್ತ್ರಿಯ ಮಗ. ಕೊನಾದು ಅಮ್ಮ ಮೊದಲ ದಿನದಿಂದ ಅವನತ್ತಲೇ ಬೆರಳು ತೋರಿಸುತ್ತಿದ್ದಳು.

“ಅವನ ಹತ್ತಿರ ಹೋಗಲೇ ಇಲ್ಲ.”

“ಅಯ್ಯೋ, ಯಾಕೆ? ಅವನೇ ಅಂತ ಹೇಳಿದ್ನಲ್ಲೇ! ಹೊತ್ತು ಹುಟ್ಟಿದ್ರೆ ಅಸಿಯಾಮಾ ಅಂಗಳದಲ್ಲೇ ಬಿದ್ದಿರ್ತಾನೆ ಆ ಪೋಕರಿ.”

“ಬಿದ್ದಿರ್ತಾನೆ. ಎಲ್ಲರ ಕಣ್ಣಿಗೂ ಬೀಳೋ ಹಾಗೆ ಬಿದ್ದಿರ್ತಾನೆ. ಅಮ್ಮ, ಪೆಟ್ಟಿಗೆ ಕೀಲಿ ಎಲ್ಲಿದೆ?”

ಕೈ ಒರಳಿನಲ್ಲೇ ನಿಂತಿತು.

ನಾನು ಒನಕೆಯನ್ನು ಪಕ್ಕಕ್ಕೆ ಎಳೆಯದೇ ಇದ್ದಿದ್ದರೆ ಅವಳ ಬೆರಳು ಜಜ್ಜಿ ಹೋಗುತ್ತಿತ್ತು. ಒನಕೆ ಒರಳಿನ ಅಂಚಿಗೆ ಬಡಿದು ನನ್ನ ಭುಜ ಅದುರಿತು. ಹುಟ್ಟಿದಾಗಿನಿಂದ ಫುಫು ತಿರುವಿದ ಹೆಂಗಸು ಕೈ ಹೊರಗೆ ತೆಗೆಯುವುದನ್ನು ಮರೆತಿದ್ದಳು.

“ಕೈ ತೆಗಿ ಅಮ್ಮ.”

“ಕುಟ್ಟು.”

“ತೆಗಿ ಅಂದೆ.”

ಅವಳು ಕೈ ತೆಗೆದು ನೀರಿನ ಬಟ್ಟಲಿನಲ್ಲಿ ಅದ್ದಿದಳು. ಸೆರಗಿಗೆ ಒರೆಸಿಕೊಳ್ಳಲಿಲ್ಲ. ನೀರು ತೊಟ್ಟಿಕ್ಕುತ್ತಲೇ ಇತ್ತು.

ಮೇಣದ ಗೆರೆಯ ಕಥೆ ಹೇಳಿದೆ. ಮುಗಿದ ಮೇಲೆ ಅವಳು ನನ್ನ ಮುಖ ನೋಡಿದಳು.

“ನಿನ್ನನ್ನ ಕರೆಸಿದ್ದೇ ತಪ್ಪಾಯ್ತು.”

“ತಪ್ಪು ಅದಾ? ನನ್ನ ಕೈ ಹಿಡ್ಕೊಂಡು ಅಳುವಾಗ ನಾಚಿಕೆ ಆಗಲಿಲ್ವಾ ನಿನಗೆ? ಸಾರ್ಪಾಂಗ್‌ನ ಹಿಡಿದು ಜೈಲಿಗೆ ಹಾಕಿಸೋಕೆ ನಾನೇ ಬೇಕಿತ್ತಾ? ನಿನ್ನ ಅನ್ನ ತಿಂದೋಳು ಅಂತ ತಾನೇ?”

“ಹೌದು,” ಎಂದಳು, ಕಣ್ಣು ಕೂಡ ಮಿಟುಕಿಸದೆ. “ನೀನು ನನ್ನನ್ನ ಕೇಳಲ್ಲ ಅಂತ ಗೊತ್ತಿತ್ತು. ಬೇರೆಯವರಾಗಿದ್ರೆ ಕೇಳ್ತಿದ್ರು.”

ನನಗೆ ಅಳು ಬಂತು. ಅಳಲಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿ ಅವಳ ಎದುರಿಗೆ ಕೂತೆ.

“ಯಾಕೆ ಮಾಡಿದೆ ಅದನ್ನ ಹೇಳು.”

“ಬೋವಾದಿ ನಿನಗೆ ಹೇಳಿರ್ತಾನೆ, ತಾಯಿ ಕಡೆಯ ಆಸ್ತಿ, ಮಗನಿಗೆ ಬರಲ್ಲ, ಹಂಗೆ ಹಿಂಗೆ ಅಂತ. ಬಾಯಲ್ಲಿ ಮಾತ್ರ. ಒಂದು ವರ್ಷದಿಂದ ಲೇತ್ ಹತ್ತಿರ ಸಾರ್ಪಾಂಗ್‌ನ ಕೂರಿಸ್ತಾನೆ, ಗಿರಾಕಿ ಬಂದ್ರೆ ಸಾರ್ಪಾಂಗ್‌ನ ಮುಂದೆ ಬಿಡ್ತಾನೆ. ನನ್ನ ಒಬಿರಿ ಮರಳು ಜರಡಿ ಹಿಡೀಬೇಕು, ಅಚ್ಚು ಹೊರಬೇಕು. ಇವತ್ತಲ್ಲ ನಾಳೆ ಕಾರ್ಖಾನೇನ ಹೆಂಡ್ತಿ ಮಕ್ಕಳ ಹೆಸರಿಗೆ ಮಾಡಿ ಮುಗಿಸ್ತಾನೆ. ನಾನು ಬಾಯಿ ಮುಚ್ಕೊಂಡು ನೋಡ್ತಾ ಕೂರಬೇಕಾ?”

“ಅದಕ್ಕೆ ಮನೆಯ ಅಚ್ಚನ್ನ ಕೊಟ್ಟುಬಿಟ್ಟೆ.”

“ಅಸಿಯಾಮಾನೇ ಬಂದ. ಇಲ್ಲೇ ಕೂತು ಉಂಡ. ಉಂಡು ಕೈ ತೊಳೆಯೋವಾಗ ಮೆಲ್ಲಗೆ ಶುರು ಮಾಡಿದ. ‘ಕೀಲಿ ನಿಮ್ಮ ಹತ್ತಿರಾನೇ ಇದೆಯಲ್ಲ ತಾಯಿ, ಚಕ್ರದ ಅಚ್ಚು ಒಂದು ವಾರ ನನಗೆ ಕೊಡಿ. ಸಾರ್ಪಾಂಗ್ ದಿನಾ ನನ್ನ ಅಂಗಳಕ್ಕೆ ಬರ್ತಾನೆ. ನನ್ನ ಪಂಪು ಹೊರಗೆ ಬಂದ ದಿನ ಇಡೀ ಮ್ಯಾಗಜಿನ್ ಅವನನ್ನೇ ಹಿಡಿಯುತ್ತೆ’ ಅಂದ. ದೇವರೇ ಇವನನ್ನ ಕಳಿಸಿದ ಅಂದ್ಕೊಂಡೆ. ಕೊಟ್ಟೆ. ವಾರ ಆದ ಮೇಲೆ ವಾಪಸ್ ತಂದಿಟ್ಟೆ. ಒಂದು ಬಿಡಿಗಾಸು ಮುಟ್ಟಿಲ್ಲ ನಾನು. ಆದ್ರೆ ಈ ಹಾಳು ಹಿರಿಯರಿಗೆ ಸಾರ್ಪಾಂಗ್ ಕಣ್ಣಿಗೇ ಬೀಳಲಿಲ್ಲ. ‘ಅಚ್ಚು ಹೊರೋನು ಯಾರು? ಒಬಿರಿ’ ಅಂದ್ರು. ಹಿಡ್ಕೊಂಡು ಹೋದ್ರು.”

ಮೊದಲ ಸಲ ಅವಳ ದನಿ ಒಡೆಯಿತು. ಈ ಅಳು ನಿಜವಾದದ್ದು ಎಂದು ನನಗೆ ಗೊತ್ತಾಯಿತು. ಅದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

“ನನ್ನ ಜೊತೆ ಬಾ ಅಮ್ಮ. ಹಿರಿಯರ ಮುಂದೆ ನೀನೇ ಹೇಳು. ಒಬಿರಿ ಬಿಡುಗಡೆ ಆಗ್ತಾನೆ.”

“ನನ್ನನ್ನ ಮನೆಯಿಂದ ಹೊರಗೆ ಹಾಕ್ತಾರೆ. ಸತ್ತರೆ ಹೂಳೋಕೂ ನಮ್ಮವರು ಬರಲ್ಲ.”

“ಗೊತ್ತು.”

“ಸಾರ್ಪಾಂಗ್ ಅಂತ ನೀನೇ ಹೇಳಿಬಿಡು. ನಿನ್ನ ಮಾತು ನಂಬ್ತಾರೆ.”

“ಆಗಲ್ಲ.”

ಅವಳು ಒರಳಿನೊಳಗೆ ನೋಡಿದಳು. ಫುಫು ಆರಿ ಮೇಲೆ ಪದರ ಕಟ್ಟತೊಡಗಿತ್ತು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದಳು.

“ಸರಿ. ನಾನೇ ಹೇಳ್ತೀನಿ. ನನ್ನ ಮಗ ನೆಟ್ಟಗಿದ್ರೆ ಸಾಕು. ಎಲ್ಲಿ, ಆ ಚಕ್ರ ತೋರಿಸು. ಹಿರಿಯರು ಕೇಳಿದ್ರೆ ಗೆರೆ ಎಲ್ಲಿದೆ ಅಂತ ತೋರಿಸಬೇಕಲ್ಲ.”

ಚೀಲದ ಬಾಯಿ ಬಿಚ್ಚಿ ತಾನೇ ಕೈ ಹಾಕಿದಳು. ಕೈಗೆ ಮೊದಲು ಸಿಕ್ಕಿದ್ದು ಚಕ್ರವಲ್ಲ, ಪಂಪಿನ ಹೊರಮೈ. ಎತ್ತಿ ಪಕ್ಕಕ್ಕೆ ಇಡಲು ಹೋದವಳು ಅದನ್ನು ಮಗುಚಿ ಬುಡ ನೋಡಿದಳು.

ಬುಡ ಚಪ್ಪಟೆಯಾಗಿರಲಿಲ್ಲ. ತಲೆಯ ಮೇಲಿನ ಸಿಂಬಿಯ ಮೇಲೆ ಸರಿಯಾಗಿ ಕೂರುವಂತೆ ಒಳಕ್ಕೆ ಬಾಗಿತ್ತು. ತೋಟದ ಹೆಂಗಸರು ಪಂಪನ್ನು ತಲೆಯ ಮೇಲೆ ಹೊತ್ತು ಹಳ್ಳದವರೆಗೆ ನಡೆಯುತ್ತಾರೆ. ಮಾಡಿದವನಿಗೆ ಅದು ಗೊತ್ತಿತ್ತು.

“ಇದು ಎಲ್ಲಿ ಸಿಕ್ತು ನಿನಗೆ?”

“ಅಸಿಯಾಮಾ ಅಂಗಳದಲ್ಲೇ. ರಾಶಿ ಹಾಕಿದ್ದಾನೆ. ಯಾಕೆ?”

“ಇದು ಹೆಂಗೆ ಬಂತು ಅಲ್ಲಿಗೆ?”

“ಇದನ್ನ ಮಾತ್ರ ನಿಜವಾಗ್ಲೂ ಕೊಂಡು ಬಿಚ್ಚಿ ಕಲಿತಿರಬೇಕು ಬಿಡು.”

“ಎಲ್ಲಿಂದ ಕೊಳ್ತಾನೆ?” ಅವಳು ಕಿರುಚಿದಳು. “ಯಾವ ಅಂಗಡೀಲಿ ಸಿಗುತ್ತೆ ಇದು? ಬೋವಾದಿ ಇನ್ನೂ ಇದರ ಒಂದೂ ಎರಕ ಹೊಯ್ದಿಲ್ಲ. ಅವನು ಈ ಅಚ್ಚನ್ನ ನೋಡೇ ಇಲ್ಲ! ಇದು ಒಬಿರಿಯ ಕೈಕೆಲಸ. ಸಂಜೆ ಹೊತ್ತು ಈ ಅಂಗಳದಲ್ಲಿ ಕೂತು ಕೆತ್ತಿದ್ದಾನೆ. ಅದು ತಲೆಗೆ ಸರಿಯಾಗಿ ಕೂರುತ್ತಾ ಅಂತ ನನ್ನ ತಲೆ ಮೇಲಿಟ್ಟು ನೋಡಿದ್ದಾನೆ. ಮಾವನಿಗೆ ಈಗಲೇ ಹೇಳಬೇಡಮ್ಮ ಅಂತ ತನ್ನ ಮಂಚದ ಕೆಳಗೆ ಇಟ್ಟಿದ್ದಾನೆ.”

“ಆ ಅಚ್ಚು ನಿನ್ನ ಪೆಟ್ಟಿಗೇಲಿ ಇರಲಿಲ್ವಾ?”

“ನಾನು ಕೊಟ್ಟಿದ್ದು ಚಕ್ರ ಒಂದೇ. ಇದನ್ನ ನಾನು ಮುಟ್ಟಿಲ್ಲ.”

ಮಾರದೇ ಇದ್ದ ವಸ್ತುವನ್ನು ಯಾರೂ ಕೊಂಡು ಬಿಚ್ಚಲಾರರು. ಇದು ಅಸಿಯಾಮಾನ ಅಂಗಳದಲ್ಲಿ ರಾಶಿ ಬಿದ್ದಿದೆ ಎಂದರೆ, ಒಬಿರಿಯ ಮಂಚದ ಕೆಳಗಿಂದ ಅಚ್ಚು ಎದ್ದು ಹೋಗಿದೆ. ಅದು ಅಲ್ಲಿದೆ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ನನ್ನ ಮುಂದೆ ನಿಂತಿದ್ದಳು.

ಅಷ್ಟರಲ್ಲಿ ಬೋವಾದಿ ಮೇಸ್ತ್ರಿ ಆಡಿದ ಇನ್ನೊಂದು ಮಾತು ನೆನಪಿಗೆ ಬಂತು: ಕೀಲಿಯ ಗುಟ್ಟು ಮನೆಯವರಿಗೆ ಮಾತ್ರ ಗೊತ್ತು. ಮ್ಯಾಗಜಿನ್ನಿನ ಜನರೆಲ್ಲ ಕೀಲಿ ಮೇಸ್ತ್ರಿಯ ಸೊಂಟದಲ್ಲಿದೆ ಎಂದೇ ನಂಬಿದ್ದರು. ನಾನೂ ನಂಬಿದ್ದೆ.

“ಅಮ್ಮ, ಅಸಿಯಾಮಾ ಬಂದಾಗ ‘ಕೀಲಿ ನಿಮ್ಮ ಹತ್ತಿರಾನೇ ಇದೆಯಲ್ಲ’ ಅಂದ ಅಂದ್ಯಲ್ಲ. ಅವನಿಗೆ ಅದನ್ನ ಹೇಳಿದೋರು ಯಾರು?”

ಅವಳು ಹೊರಮೈಯನ್ನು ಎದೆಗೆ ಒತ್ತಿಕೊಂಡು ನಿಂತಳು.

ಹೊರಗೆ ಜೀಪು ನಿಂತ ಸದ್ದಾಯಿತು. ಸಂಘದ ಇಬ್ಬರು ಬಾಗಿಲಲ್ಲೇ ಉಳಿದರು. ಒಬಿರಿ ತಲೆ ತಗ್ಗಿಸಿ ಒಳಗೆ ಬಂದ. ಠಾಣೆಯ ನೆಲದ ಮೇಲೆ ಮಲಗಿ ಅಂಗಿಯೆಲ್ಲ ಮಣ್ಣಾಗಿತ್ತು. ನನಗೆ ನಮಸ್ಕರಿಸಿದ. ತಾಯಿಯ ಕೈಯಲ್ಲಿದ್ದದ್ದನ್ನು ನೋಡಿ ಒಂದು ಕ್ಷಣ ನಿಂತ.

“ಮಗಾ,” ಎಂದಳು ಕೊನಾದು ಅಮ್ಮ. ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. “ಅವನನ್ನ ನನ್ನ ಹತ್ತಿರ ಕಳಿಸಿದ್ದು ನೀನಾ?”

ಒಬಿರಿ ಅವಳ ಕೈಯಿಂದ ಹೊರಮೈಯನ್ನು ಮೆಲ್ಲಗೆ ಬಿಡಿಸಿಕೊಂಡು ಚೀಲದೊಳಗೆ ಇಟ್ಟ. ಚೀಲದ ಬಾಯಿ ಕಟ್ಟಿದ. ಬಟ್ಟಲಿನ ನೀರಿನಲ್ಲಿ ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ಕೂತ.

“ಊಟ ಹಾಕಮ್ಮ, ಹಸಿವಾಗಿದೆ,” ಎಂದ. “ಸಿಕ್ಕಿಬೀಳಬೇಕಾಗಿದ್ದೋನು ಸಾರ್ಪಾಂಗ್, ನಾನಲ್ಲ. ಹಿರಿಯರ ಮುಂದೆ ನೀನು ಏನು ಹೇಳಬೇಕು ಅನ್ನೋದನ್ನ ಉಣ್ಣುತ್ತಾ ಹೇಳ್ತೀನಿ.”